ಕಡಿದಾದ ಬೆಟ್ಟದ ತೊರೆಯಲ್ಲಿ ಹರಿವಿಗೆ ಎಷ್ಟು ತಡೆ? ಅಳೆದು ಲೆಕ್ಕ ಹಾಕಲು ಸಮಗ್ರ ಮಾರ್ಗದರ್ಶಿ

ಬಂಡೆಗಳ ನಡುವೆ ನೊರೆಯುಕ್ಕಿಸುತ್ತಾ ಧುಮುಕುವ ತೊರೆಯ ದಡದಲ್ಲಿ ನಿಂತವರಿಗೆ ನೀರು ಭಾರಿ ವೇಗದಲ್ಲಿ ಓಡುತ್ತಿದೆ ಎಂದೇ ಅನ್ನಿಸುತ್ತದೆ. ಸದ್ದೂ ಹಾಗೆಯೇ ಇರುತ್ತದೆ, ಇಳಿಜಾರೂ ಹಾಗೆಯೇ ಹೇಳುತ್ತದೆ. ಅದೇ ತೊರೆಗೆ ಉಪ್ಪು ಸುರಿದು, ಅರವತ್ತು ಮೀಟರ್ ಕೆಳಗೆ ಅದು ಯಾವಾಗ ಬರುತ್ತದೆ ಎಂದು ಕಾದು ನೋಡಿ. ಆ ದೂರಕ್ಕೆ ನೂರು ಸೆಕೆಂಡ್ ತಗುಲಿದರೆ ಆಶ್ಚರ್ಯವಿಲ್ಲ. ಅಂದರೆ ಸೆಕೆಂಡಿಗೆ 0.6 ಮೀಟರ್, ನಿಧಾನವಾಗಿ ನಡೆಯುವವನ ವೇಗ.

ಉಳಿದ ಶಕ್ತಿಯೆಲ್ಲ ಎಲ್ಲಿ ಹೋಯಿತು? ಬಂಡೆಗಳ ಹಿಂದಿನ ಸುಳಿಗಳಲ್ಲಿ, ಮಡುವಿಗೆ ಬಿದ್ದು ಕುದಿಯುವ ನೀರಿನಲ್ಲಿ, ನೊರೆಯಲ್ಲಿ, ಸದ್ದಿನಲ್ಲಿ ಹೋಯಿತು. ಈ ನಷ್ಟಕ್ಕೆ ಹರಿವಿನ ಪ್ರತಿರೋಧ ಎಂದು ಹೆಸರು. ಬಯಲಿನ ನದಿಯಲ್ಲಿ ಇದನ್ನು ಕೋಷ್ಟಕ ನೋಡಿ ಅಂದಾಜು ಮಾಡಬಹುದು. ಕಡಿದಾದ ತೊರೆಯಲ್ಲಿ ಹಾಗೆ ಮಾಡಿದರೆ ವೇಗದ ಲೆಕ್ಕ ಎರಡು ಪಟ್ಟು, ಮೂರು ಪಟ್ಟು, ಕೆಲವೊಮ್ಮೆ ಐದು ಪಟ್ಟು ತಪ್ಪುತ್ತದೆ. ಸೇತುವೆಯ ಎತ್ತರ, ಕಿರು ಜಲವಿದ್ಯುತ್ ಘಟಕದ ನೀರಿನ ಲೆಕ್ಕ, ಪ್ರವಾಹದ ಅಂದಾಜು ಎಲ್ಲವೂ ಈ ಒಂದು ಸಂಖ್ಯೆಯ ಮೇಲೆ ನಿಂತಿರುವುದರಿಂದ, ಅದನ್ನು ತೊರೆಯಲ್ಲೇ ಅಳೆದು ಪಡೆಯುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಕೆಲಸಕ್ಕೆ ಇಳಿಯುವ ಮೊದಲು: ಸಂಖ್ಯೆಗಳ ಪರಿಚಯ

ಪ್ರತಿರೋಧವನ್ನು ಹೇಳಲು ಎರಡು ಗುಣಾಂಕಗಳು ಬಳಕೆಯಲ್ಲಿವೆ. ಎಂಜಿನಿಯರುಗಳಿಗೆ ಹೆಚ್ಚು ಪರಿಚಿತವಾದದ್ದು ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದಿಂದ ಬಂದ ಮ್ಯಾನಿಂಗ್ ಗುಣಾಂಕ. ಇನ್ನೊಂದು ಡಾರ್ಸಿ–ವೈಸ್‌ಬಾಖ್ ಘರ್ಷಣಾ ಗುಣಾಂಕ. ಮೀಟರ್ ಮತ್ತು ಸೆಕೆಂಡ್ ಮಾನದಲ್ಲಿ ಅವು ಹೀಗಿವೆ (ಇಳಿಜಾರು ಎಂದರೆ ಇಳಿತವನ್ನು ಉದ್ದದಿಂದ ಭಾಗಿಸಿದ್ದು, 9.81 ಎಂದರೆ ಗುರುತ್ವ ವೇಗೋತ್ಕರ್ಷ):

ಮ್ಯಾನಿಂಗ್ ಗುಣಾಂಕ = ಆಳದ 2/3 ಘಾತ × √ಇಳಿಜಾರು ÷ ವೇಗ

ಘರ್ಷಣಾ ಗುಣಾಂಕ = 8 × 9.81 × ಆಳ × ಇಳಿಜಾರು ÷ ವೇಗದ ವರ್ಗ

ಇಲ್ಲಿ ‘ಆಳ’ ಎಂದಿರುವಲ್ಲಿ ನಿಜವಾಗಿ ಬರಬೇಕಾದದ್ದು ಹೈಡ್ರಾಲಿಕ್ ತ್ರಿಜ್ಯ, ಅಂದರೆ ಹರಿವಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಒದ್ದೆಯಾದ ಅಂಚಿನ ಉದ್ದದಿಂದ ಭಾಗಿಸಿದ್ದು. ಅಗಲವು ಆಳದ ಹದಿನೈದು ಪಟ್ಟಿದ್ದರೆ ಎರಡರ ನಡುವಿನ ವ್ಯತ್ಯಾಸ ಸುಮಾರು ಹತ್ತರಲ್ಲಿ ಒಂದು ಪಾಲು. ಕೆಳಗೆ ಸರಾಸರಿ ಆಳವನ್ನೇ ಬಳಸಿದ್ದೇನೆ. ನೀವು ಯಾವುದನ್ನು ಬಳಸಿದರೂ ಕೊನೆಯವರೆಗೆ ಅದನ್ನೇ ಬಳಸಿ.

ನನಗೆ ಘರ್ಷಣಾ ಗುಣಾಂಕವೇ ಇಷ್ಟ. ಅದಕ್ಕೆ ಮಾನವಿಲ್ಲ, ಅದರ ಭೌತಿಕ ಅರ್ಥವೂ ಸ್ಪಷ್ಟ. ಆದರೆ ಪ್ರವಾಹದ ಲೆಕ್ಕ ಮಾಡುವ ತಂತ್ರಾಂಶಗಳು ಕೇಳುವುದು ಮ್ಯಾನಿಂಗ್ ಗುಣಾಂಕವನ್ನು. ಆದ್ದರಿಂದ ಎರಡನ್ನೂ ಲೆಕ್ಕ ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಸಂಖ್ಯೆಯೊಂದಿದೆ: ನೀರಿನ ಆಳವು ದೊಡ್ಡ ಕಲ್ಲಿನ ಗಾತ್ರದ ಎಷ್ಟು ಪಟ್ಟು ಎಂಬುದು. ಇದನ್ನು ಸಾಪೇಕ್ಷ ಆಳ ಎನ್ನೋಣ. ಬಯಲಿನ ನದಿಯಲ್ಲಿ ಇದು ನೂರು ಇದ್ದೀತು. ಬೆಟ್ಟದ ತೊರೆಯಲ್ಲಿ ಒಂದಕ್ಕಿಂತಲೂ ಕಡಿಮೆ, ಕಲ್ಲುಗಳ ತಲೆ ನೀರಿನ ಮೇಲೆಯೇ ಇರುತ್ತದೆ. ಆಗ ನೀರು ‘ತಳದ ಮೇಲೆ’ ಹರಿಯುತ್ತಿಲ್ಲ, ತಳದ ಒಳಗೇ ನುಸುಳಿ ಹೋಗುತ್ತಿದೆ. ತಳವನ್ನು ಒರಟು ನೆಲವೆಂದು ಭಾವಿಸಿ ಕಟ್ಟಿದ ಸೂತ್ರಗಳೆಲ್ಲ ಸೋಲುವುದು ಇಲ್ಲಿಯೇ.

ಹಂತ 1: ತೊರೆಯ ಯಾವ ತುಂಡನ್ನು ಅಳೆಯಬೇಕು?

ಒಂದು ಅಡ್ಡಕೊಯ್ತವನ್ನಷ್ಟೇ ಅಳೆದು ಹೋಗುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಎರಡು ಹೆಜ್ಜೆ ಮೇಲೆ ನೀರು ಮೊಣಕಾಲುದ್ದ, ಎರಡು ಹೆಜ್ಜೆ ಕೆಳಗೆ ಅಂಗೈ ಆಳ ಇರುವ ಜಾಗದಲ್ಲಿ ಒಂದು ಅಡ್ಡಕೊಯ್ತ ಏನನ್ನೂ ಪ್ರತಿನಿಧಿಸುವುದಿಲ್ಲ. ಅಗಲದ ಹತ್ತರಿಂದ ಇಪ್ಪತ್ತು ಪಟ್ಟು ಉದ್ದದ ಒಂದು ಭಾಗವನ್ನು ಆರಿಸಿ.

ಯಾವ ಬಗೆಯ ತೊರೆ ಎಂದೂ ಗುರುತಿಸಿ. 1997ರಲ್ಲಿ ಮಾಂಟ್‌ಗೋಮರಿ ಮತ್ತು ಬಫಿಂಗ್ಟನ್ ಮಾಡಿದ ವರ್ಗೀಕರಣ ಇದಕ್ಕೆ ಇಂದಿಗೂ ಉಪಯುಕ್ತ. ಇಳಿಜಾರು ಸುಮಾರು 0.03ರಿಂದ 0.065ರ ನಡುವೆ ಇದ್ದರೆ ಸಾಮಾನ್ಯವಾಗಿ ಬಂಡೆಗಳ ಮೆಟ್ಟಿಲು, ಅದರ ಕೆಳಗೆ ಮಡು, ಮತ್ತೆ ಮೆಟ್ಟಿಲು ಎಂಬ ಸಾಲು ಕಾಣುತ್ತದೆ. ಅದಕ್ಕಿಂತ ಕಡಿದಾದರೆ ಕ್ರಮವಿಲ್ಲದೆ ಚೆಲ್ಲಿದ ಬಂಡೆಗಳ ನಡುವೆ ಉದ್ದಕ್ಕೂ ಧುಮುಕುವ ನೀರು. 0.03ಕ್ಕಿಂತ ಕಡಿಮೆಯಾದರೆ ಹೆಚ್ಚು ಕಡಿಮೆ ಸಮನಾದ ಕಲ್ಲುಹಾಸು. ಈ ಗಡಿಗಳು ಗೆರೆ ಕೊಯ್ದಂತೆ ಇರುವುದಿಲ್ಲ. ಆಯ್ದ ಭಾಗದಲ್ಲಿ ಒಂದೇ ಬಗೆ ಇರಲಿ, ನಡುವೆ ಉಪತೊರೆ ಸೇರದಿರಲಿ, ದೊಡ್ಡ ಜಲಪಾತ ಬಾರದಿರಲಿ. ಮೆಟ್ಟಿಲು–ಮಡುವಿನ ತೊರೆಯಾದರೆ ಭಾಗದ ಎರಡು ತುದಿಗಳೂ ಮೆಟ್ಟಿಲಿನ ತುದಿಯಲ್ಲೇ ಇರಬೇಕು. ಒಂದು ತುದಿ ಮೆಟ್ಟಿಲ ಮೇಲೆ, ಇನ್ನೊಂದು ಮಡುವಿನ ನಡುವೆ ಇದ್ದರೆ ಇಳಿಜಾರಿನ ಲೆಕ್ಕ ಅಲ್ಲೇ ಕೆಡುತ್ತದೆ.

ಸುರಕ್ಷತೆಯ ಮಾತನ್ನು ಇಲ್ಲೇ ಹೇಳಬೇಕು. ಮೀಟರಿನಲ್ಲಿ ಆಳವನ್ನು ಸೆಕೆಂಡಿಗೆ ಮೀಟರಿನಲ್ಲಿ ವೇಗದಿಂದ ಗುಣಿಸಿದಾಗ ಒಂದರ ಹತ್ತಿರ ಬಂದರೆ ನೀರಿಗೆ ಇಳಿಯಬಾರದು ಎಂಬುದು ಜಲಮಾಪನದಲ್ಲಿ ರೂಢಿಯ ನಿಯಮ. ಜಾರುವ ಬಂಡೆಗಳ ತೊರೆಯಲ್ಲಿ ಅದರ ಅರ್ಧವೇ ಅಪಾಯಕಾರಿ. ಒಬ್ಬರೇ ಹೋಗಬೇಡಿ.

ಹಂತ 2: ಇಳಿಜಾರು

ಆಟೋ ಲೆವೆಲ್ ಅಥವಾ ಟೋಟಲ್ ಸ್ಟೇಷನ್‌ನಂಥ ಸರ್ವೆ ಉಪಕರಣ ಇದ್ದರೆ ಉತ್ತಮ. ಭಾಗದ ಮೇಲಿನ ತುದಿಯ ನೀರಿನ ಮಟ್ಟದಿಂದ ಕೆಳತುದಿಯ ನೀರಿನ ಮಟ್ಟಕ್ಕೆ ಎಷ್ಟು ಇಳಿತ ಎಂದು ಅಳೆಯಿರಿ. ಉದ್ದವನ್ನು ದಡದ ನೇರ ಗೆರೆಯಲ್ಲಲ್ಲ, ಮುಖ್ಯ ಹರಿವು ಬಳಸಿ ಹೋಗುವ ದಾರಿಯಲ್ಲಿ ಟೇಪು ಹಿಡಿದು ಅಳೆಯಿರಿ. ಇಳಿತವನ್ನು ಉದ್ದದಿಂದ ಭಾಗಿಸಿದರೆ ಇಳಿಜಾರು. ಗಣಿತಪ್ರಿಯರು ಇಲ್ಲಿ ಸೈನ್ ಬಳಸಬೇಕೋ ಟ್ಯಾಂಜೆಂಟ್ ಬಳಸಬೇಕೋ ಎಂದು ಕೇಳುವುದುಂಟು. ಇಳಿಜಾರು 0.2 ಇದ್ದಾಗಲೂ ಇವೆರಡರ ಅಂತರ ನೂರಕ್ಕೆ ಎರಡು ಮಾತ್ರ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಂತ 3: ಕಲ್ಲುಗಳ ಎಣಿಕೆ

1954ರಲ್ಲಿ ವೋಲ್ಮನ್ ಸೂಚಿಸಿದ ಕಲ್ಲೆಣಿಕೆಯ ವಿಧಾನ ಈಗಲೂ ನಡೆಯುತ್ತಿದೆ: ತೊರೆಯ ಅಡ್ಡಕ್ಕೆ, ಉದ್ದಕ್ಕೆ ನಿಗದಿತ ಅಂತರದಲ್ಲಿ ಹೆಜ್ಜೆ ಇಡುತ್ತಾ, ನೋಡದೆ ಕೈಬೆರಳು ಮುಟ್ಟಿದ ಕಲ್ಲನ್ನು ಆರಿಸಿ ಅದರ ನಡುವಿನ ಅಕ್ಷವನ್ನು ಅಳೆಯುವುದು. ಉದ್ದದ್ದೂ ಅಲ್ಲ, ತೆಳುವಿನದ್ದೂ ಅಲ್ಲ, ನಡುವಿನದು. ಮೂಲ ವಿಧಾನದಲ್ಲಿ ನೂರು ಕಲ್ಲು. ಬೆಣಚಿನಿಂದ ಹಿಡಿದು ಹೆಬ್ಬಂಡೆಯವರೆಗೆ ಎಲ್ಲ ಗಾತ್ರವೂ ಬೆರೆತ ತೊರೆಯಲ್ಲಿ ಇನ್ನೂರಾದರೂ ಇರಲಿ.

ಇಲ್ಲಿ ಎರಡು ತಪ್ಪುಗಳನ್ನು ಮತ್ತೆ ಮತ್ತೆ ಕಾಣುತ್ತೇವೆ. ಎತ್ತಲಾಗದ ಬಂಡೆ ಸಿಕ್ಕಾಗ ಪಕ್ಕದ ಸಣ್ಣ ಕಲ್ಲನ್ನು ಬರೆದುಕೊಳ್ಳುವುದು ಮೊದಲನೆಯದು. ಹರಿವನ್ನು ತಡೆಯುವುದೇ ಆ ಬಂಡೆ, ಅದನ್ನು ಬಿಟ್ಟರೆ ಇಡೀ ಎಣಿಕೆ ವ್ಯರ್ಥ. ಹೂತುಹೋಗಿದ್ದರೆ ಮೇಲೆ ಕಾಣುವ ಎರಡು ಅಕ್ಷಗಳಲ್ಲಿ ಗಿಡ್ಡದ್ದನ್ನು ಬರೆದುಕೊಳ್ಳಿ. ಎರಡನೆಯದು, ಹೆಜ್ಜೆಯ ಅಂತರ ದೊಡ್ಡ ಬಂಡೆಗಿಂತ ಕಡಿಮೆ ಇಟ್ಟುಕೊಂಡು ಒಂದೇ ಬಂಡೆಯನ್ನು ಗೊತ್ತಿಲ್ಲದೆ ನಾಲ್ಕು ಬಾರಿ ಎಣಿಸುವುದು.

ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನೂರರಲ್ಲಿ 84 ಕಲ್ಲುಗಳು ಯಾವ ಗಾತ್ರಕ್ಕಿಂತ ಚಿಕ್ಕವೋ ಆ ಗಾತ್ರ ‘ಡಿ84’. ಅರ್ಧ ಕಲ್ಲುಗಳು ಯಾವುದಕ್ಕಿಂತ ಚಿಕ್ಕವೋ ಅದು ‘ಡಿ50’. ನಮಗೆ ಮುಖ್ಯವಾದದ್ದು ಡಿ84. ತೊರೆಯ ಒರಟುತನವನ್ನು ತೀರ್ಮಾನಿಸುವುದು ದೊಡ್ಡ ಕಲ್ಲುಗಳು.

ಹಂತ 4: ಉಪ್ಪಿನಿಂದ ವೇಗ ಮತ್ತು ಹರಿವಿನ ಪ್ರಮಾಣ

ಇಡೀ ಕೆಲಸದ ಹೃದಯ ಇದು. ನೀರಿನ ವೇಗ ಅಳೆಯುವ, ತಿರುಗುವ ಕರೆಂಟ್ ಮೀಟರನ್ನು ನೊರೆಯಲ್ಲಿ ಅದ್ದಿ ಪ್ರಯೋಜನವಿಲ್ಲ. ಎಲೆ ತೇಲಿಬಿಟ್ಟು ನೋಡಿದರೆ ಸಿಗುವುದು ಅತಿ ವೇಗದ ಮೇಲ್ಪದರದ ವೇಗ. ಉಪ್ಪಾದರೋ ನೀರಿನ ಎಲ್ಲ ದಾರಿಗಳಲ್ಲೂ ಹೋಗಿ ಬರುತ್ತದೆ.

ಬೇಕಾದದ್ದು: ಅಡುಗೆ ಉಪ್ಪು, ಬಕೆಟ್, ಸೆಕೆಂಡಿಗೊಮ್ಮೆ ದಾಖಲಿಸಬಲ್ಲ ಎರಡು ವಿದ್ಯುತ್ ವಾಹಕತೆ ಮಾಪಕಗಳು, ಉಷ್ಣಾಂಶಕ್ಕೆ ತಾನೇ ಸರಿಹೊಂದಿಕೊಳ್ಳುವಂಥವು. ಉಪ್ಪಿನ ಪ್ರಮಾಣಕ್ಕೆ ರೂಢಿಯ ಅಳತೆ, ಸೆಕೆಂಡಿಗೆ ಒಂದು ಘನ ಮೀಟರ್ ಹರಿವಿಗೆ ಒಂದು ಕಿಲೋದಷ್ಟು. ತೊರೆಯ ನೀರಿನಲ್ಲಿ ಸಹಜವಾಗಿ ಲವಣ ಹೆಚ್ಚಿದ್ದರೆ ಸ್ವಲ್ಪ ಹೆಚ್ಚು ಬೇಕು. ಕಿಲೋ ಉಪ್ಪಿಗೆ ಐದಾರು ಲೀಟರ್ ತೊರೆಯ ನೀರು ಸೇರಿಸಿ ಒಂದು ಹರಳೂ ಉಳಿಯದಂತೆ ಕದಡಿ. ಕರಗದ ಉಪ್ಪು ತಳದಲ್ಲಿ ಕೂತು ನಿಧಾನವಾಗಿ ಕರಗುತ್ತಾ ಅಳತೆಯನ್ನು ಹಾಳು ಮಾಡುತ್ತದೆ.

ಮೊದಲ ಮಾಪಕಕ್ಕಿಂತ ಸುಮಾರು ಇಪ್ಪತ್ತೈದು ಅಗಲದಷ್ಟು ಮೇಲೆ, ಹರಿವು ಇಕ್ಕಟ್ಟಾದ ಜಾಗದಲ್ಲಿ, ಒಂದೇ ಸಲಕ್ಕೆ ಬಕೆಟ್ ಸುರಿಯಿರಿ. ಅಷ್ಟು ದೂರ ಬೇಕಾಗುವುದು ಉಪ್ಪು ಒಂದು ದಡದಿಂದ ಇನ್ನೊಂದು ದಡಕ್ಕೆ ಪೂರ್ತಿ ಬೆರೆಯಲು. ಮಾಪಕಗಳನ್ನು ಆಯ್ದ ಭಾಗದ ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿ, ನೊರೆಯಿಂದಲೂ ನಿಂತ ನೀರಿನಿಂದಲೂ ದೂರವಿರುವ ಮುಖ್ಯ ಹರಿವಿನಲ್ಲಿ ಇಡಿ. ಗಾಳಿಗುಳ್ಳೆ ಸಿಕ್ಕಿಕೊಂಡರೆ ವಾಹಕತೆ ಕುಗ್ಗಿದಂತೆ ತೋರುತ್ತದೆ. ವಾಹಕತೆ ಏರಿ, ಇಳಿದು, ಮೊದಲಿನ ಮಟ್ಟಕ್ಕೆ ಮರಳುವವರೆಗೆ ಕಾಯಿರಿ. ಕೊನೆಯ ಬಾಲ ಉದ್ದವಾಗಿರುತ್ತದೆ, ಬೇಸರ ಪಟ್ಟು ಮಾಪಕ ಎತ್ತಬೇಡಿ. ಮಡುಗಳ ಮೂಲೆಯಲ್ಲಿ ತಂಗಿದ್ದ ನೀರು ಹೊರಬರುತ್ತಿರುವುದರ ಗುರುತು ಅದು.

ವಾಹಕತೆಯನ್ನು ಉಪ್ಪಿನ ಸಾಂದ್ರತೆಗೆ ಬದಲಿಸಲು ಸ್ಥಳದಲ್ಲೇ ಒಂದು ಲೀಟರ್ ತೊರೆಯ ನೀರಿಗೆ ತೂಕ ಗೊತ್ತಿರುವ ಉಪ್ಪಿನ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಮಾಪಕದ ಓದು ಬರೆದುಕೊಳ್ಳಿ. ಸಾಮಾನ್ಯವಾಗಿ ಸೆಂಟಿಮೀಟರಿಗೆ ಒಂದು ಮೈಕ್ರೋಸೀಮೆನ್ಸ್ ಏರಿಕೆಗೆ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ಬರುತ್ತದೆ. ಬೇರೆ ಸಂಖ್ಯೆ ಬಂದರೆ ತೂಕವನ್ನು ಮತ್ತೆ ನೋಡಿ.

ಈಗ ಎರಡು ಉತ್ತರಗಳು ಸಿಗುತ್ತವೆ.

ಒಂದು, ಹರಿವಿನ ಪ್ರಮಾಣ. ಸುರಿದ ಉಪ್ಪಿನ ತೂಕವನ್ನು, ಕಾಲಕ್ಕೆ ಎದುರಾಗಿ ಗುರುತಿಸಿದ ಸಾಂದ್ರತೆಯ ವಕ್ರರೇಖೆಯ ಕೆಳಗಿನ ವಿಸ್ತೀರ್ಣದಿಂದ ಭಾಗಿಸಿ. ಉದಾಹರಣೆಗೆ 1,200 ಗ್ರಾಂ ಉಪ್ಪು ಸುರಿದಾಗ ವಾಹಕತೆಯ ಏರಿಕೆಯನ್ನು ಸೆಕೆಂಡು ಸೆಕೆಂಡಿಗೆ ಕೂಡಿದ ಮೊತ್ತ 4,000 ಬಂತು ಎನ್ನೋಣ. ಲೀಟರಿಗೆ 0.0005 ಗ್ರಾಂನಂತೆ ಅದು 2 ಆಗುತ್ತದೆ. 1,200 ÷ 2 = ಸೆಕೆಂಡಿಗೆ 600 ಲೀಟರ್, ಅಂದರೆ 0.60 ಘನ ಮೀಟರ್. ಎರಡು ಮಾಪಕಗಳೂ ಹತ್ತಿರ ಹತ್ತಿರ ಒಂದೇ ಉತ್ತರ ಕೊಟ್ಟರೆ ಬೆರೆಯುವಿಕೆ ಪೂರ್ಣವಾಗಿದೆ ಎಂದು ನಂಬಬಹುದು.

ಎರಡು, ವೇಗ. ಎರಡು ವಕ್ರರೇಖೆಗಳ ಗುರುತ್ವ ಕೇಂದ್ರಗಳ, ಅಂದರೆ ಉಪ್ಪು ದಾಟಿದ ಸರಾಸರಿ ಗಳಿಗೆಗಳ, ನಡುವಿನ ಕಾಲದಿಂದ ಮಾಪಕಗಳ ನಡುವಿನ ದೂರವನ್ನು ಭಾಗಿಸಿ. ಶಿಖರದಿಂದ ಶಿಖರಕ್ಕೆ ಕಾಲ ಎಣಿಸುವುದು ಸುಲಭ, ಆದರೆ ಅದು ವೇಗದ ದಾರಿ ಹಿಡಿದ ನೀರಿನ ಕಾಲ ಮಾತ್ರ, ಮಡುಗಳಲ್ಲಿ ತಂಗಿದ ನೀರನ್ನು ಮರೆತುಬಿಡುತ್ತದೆ. ತೊರೆಯಲ್ಲಿರುವ ಒಟ್ಟು ನೀರು, ಹರಿವಿನ ಪ್ರಮಾಣ, ಸರಾಸರಿ ಕಾಲ ಈ ಮೂರೂ ಒಂದಕ್ಕೊಂದು ಹೊಂದುವುದು ಗುರುತ್ವ ಕೇಂದ್ರವನ್ನು ಬಳಸಿದಾಗ.

ಹಂತ 5: ಆಳವನ್ನು ಅಳೆಯಬೇಡಿ, ಲೆಕ್ಕ ಹಾಕಿ

ಈ ಸಲಹೆ ಹಲವರಿಗೆ ವಿಚಿತ್ರವೆನಿಸುತ್ತದೆ. ಬಂಡೆಗಳ ನಡುವೆ ಕೋಲು ಊರಿ ಅಳೆದ ಆಳ ಎಲ್ಲಿ ಊರಿದಿರಿ ಎಂಬುದರ ಮೇಲೆ ನಿಂತಿರುತ್ತದೆ. ಅದರ ಬದಲು ಭಾಗದ ಉದ್ದಕ್ಕೂ ಹತ್ತು ಹನ್ನೆರಡು ಕಡೆ ನೀರಿನ ಅಗಲ ಅಳೆದು, ಮೇಲೆದ್ದ ಬಂಡೆಗಳ ಅಗಲವನ್ನು ಕಳೆದು, ಸರಾಸರಿ ತೆಗೆಯಿರಿ. ನಂತರ:

ಆಳ = ಹರಿವಿನ ಪ್ರಮಾಣ ÷ (ಅಗಲ × ವೇಗ)

ನಮ್ಮ ಉದಾಹರಣೆಯ ತೊರೆಯಲ್ಲಿ ಅಗಲ 4.0 ಮೀಟರ್, ಉದ್ದ 60 ಮೀಟರ್, ಇಳಿತ 4.2 ಮೀಟರ್, ಕಾಲ 100 ಸೆಕೆಂಡ್ ಇರಲಿ. ಇಳಿಜಾರು 0.07, ವೇಗ 0.60, ಆಳ 0.25 ಮೀಟರ್.

ಹಂತ 6: ಗುಣಾಂಕ

ಘರ್ಷಣಾ ಗುಣಾಂಕ = 8 × 9.81 × 0.25 × 0.07 ÷ 0.36 = 3.8

ಮ್ಯಾನಿಂಗ್ ಗುಣಾಂಕ = 0.397 × 0.265 ÷ 0.60 = 0.175

ಪಠ್ಯಪುಸ್ತಕದ ಕೋಷ್ಟಕಗಳು ದೊಡ್ಡ ಬಂಡೆಗಳಿರುವ ಬೆಟ್ಟದ ತೊರೆಗೆ ಕೊಡುವ ಮ್ಯಾನಿಂಗ್ ಗುಣಾಂಕ 0.04ರಿಂದ 0.07. ನಮ್ಮದು ಅದರ ಮೇಲಿನ ಮಿತಿಯ ಎರಡೂವರೆ ಪಟ್ಟು. ಮೊದಲ ಬಾರಿ ಇಂಥ ಸಂಖ್ಯೆ ಬಂದಾಗ ಎಲ್ಲೋ ತಪ್ಪಿದೆ ಎಂದು ಗಾಬರಿಯಾಗುವುದು ಸಹಜ. ತಪ್ಪಿಲ್ಲ. ಕಡಿದಾದ ತೊರೆಗಳಲ್ಲಿ 0.1, 0.2 ಎಂಬ ಗುಣಾಂಕಗಳು ಸಾಮಾನ್ಯ.

ಎಚ್ಚರಿಕೆ ಬೇಕಾದದ್ದು ಬೇರೊಂದು ಕಡೆ. ಆಳವನ್ನು ವೇಗದಿಂದಲೇ ಪಡೆದಿರುವುದರಿಂದ ಘರ್ಷಣಾ ಗುಣಾಂಕದಲ್ಲಿ ವೇಗದ ಮೂರನೆಯ ಘಾತ ಅಡಗಿದೆ. ವೇಗದಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಘರ್ಷಣಾ ಗುಣಾಂಕದಲ್ಲಿ ಸುಮಾರು ಮೂವತ್ತು ತಪ್ಪುತ್ತದೆ. ಮ್ಯಾನಿಂಗ್ ಗುಣಾಂಕದಲ್ಲಿ ಸುಮಾರು ಹದಿನೇಳು. ಆದ್ದರಿಂದ ಉಪ್ಪಿನ ಪ್ರಯೋಗವನ್ನು ಕನಿಷ್ಠ ಎರಡು ಬಾರಿ ಮಾಡಿ. ಉಳಿದ ಯಾವ ಅಳತೆಗೂ ಇಷ್ಟು ಶ್ರಮ ಬೇಡ.

ಹಂತ 7: ಅಳೆಯಲಾಗದ ತೊರೆಗೆ ಯಾವ ಸೂತ್ರ?

ಎಲ್ಲ ತೊರೆಗಳಿಗೂ ಉಪ್ಪು ಹೊತ್ತು ಹೋಗಲಾಗುವುದಿಲ್ಲ. ಆಗ ಕಲ್ಲಿನ ಗಾತ್ರ, ಇಳಿಜಾರುಗಳಿಂದ ಅಂದಾಜು ಮಾಡಬೇಕು. ನಮ್ಮದೇ ಉದಾಹರಣೆಯ ಮೇಲೆ ಕೆಲವನ್ನು ಪರೀಕ್ಷಿಸೋಣ. ಡಿ84 0.40 ಮೀಟರ್, ಡಿ50 0.15 ಮೀಟರ್ ಎಂದಿಟ್ಟುಕೊಳ್ಳಿ. ಸಾಪೇಕ್ಷ ಆಳ 0.25 ÷ 0.40, ಅಂದರೆ 0.63.

ಸ್ಟ್ರಿಕ್ಲರ್ 1923ರಲ್ಲಿ ಕೊಟ್ಟ ಸಂಬಂಧದಲ್ಲಿ ಮ್ಯಾನಿಂಗ್ ಗುಣಾಂಕವೆಂದರೆ ಡಿ50ರ 1/6 ಘಾತವನ್ನು 21.1ರಿಂದ ಭಾಗಿಸಿದ್ದು. ಉತ್ತರ 0.035, ವೇಗ ಸೆಕೆಂಡಿಗೆ 3 ಮೀಟರ್. ಅಳೆದದ್ದಕ್ಕಿಂತ ಐದು ಪಟ್ಟು! ಆಳವಾದ ನೀರು ಚಿಕ್ಕ ಕಲ್ಲುಗಳ ಮೇಲೆ ಹರಿಯುವಲ್ಲಿ ಈ ಸೂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಇಲ್ಲಿಗೆ ಎಳೆದು ತಂದವರದ್ದೇ ತಪ್ಪು.

ಜ್ಯಾರೆಟ್ 1984ರಲ್ಲಿ ಕೊಲರಾಡೊದ ಬೆಟ್ಟದ ನದಿಗಳ ಅಳತೆಗಳಿಂದ ಪಡೆದ ಸೂತ್ರಕ್ಕೆ ಕಲ್ಲಿನ ಗಾತ್ರವೇ ಬೇಡ: 0.32 × ಇಳಿಜಾರಿನ 0.38 ಘಾತ ÷ ಹೈಡ್ರಾಲಿಕ್ ತ್ರಿಜ್ಯದ 0.16 ಘಾತ. ತ್ರಿಜ್ಯದ ಜಾಗದಲ್ಲಿ ಆಳವನ್ನಿಟ್ಟರೆ ಉತ್ತರ 0.145, ವೇಗ 0.72. ಬಹಳ ಹತ್ತಿರ ಬಂತು. ಆದರೆ ಆ ಸೂತ್ರವನ್ನು ಹೇಳಿದ್ದು 0.04ರವರೆಗಿನ ಇಳಿಜಾರಿಗೆ. ನಮ್ಮ ತೊರೆ ಆ ಮಿತಿಯ ಆಚೆಗಿದೆ, ಹತ್ತಿರ ಬಂದದ್ದನ್ನು ಅದೃಷ್ಟವೆಂದೂ ತಿಳಿಯಬಹುದು.

ನಾನು ಬಳಸಲು ಹೇಳುವುದು ಫರ್ಗ್ಯುಸನ್ 2007ರಲ್ಲಿ ಮಂಡಿಸಿದ ಸೂತ್ರವನ್ನು. ಆಳವಾದ ಹರಿವಿಗೆ ಒಂದು ನಿಯಮ, ಕಲ್ಲಿಗಿಂತ ತೆಳುವಾದ ಹರಿವಿಗೆ ಇನ್ನೊಂದು ನಿಯಮ, ಎರಡನ್ನೂ ನಯವಾಗಿ ಬೆಸೆದಿದ್ದಾರೆ. ಮೊದಲು ಘರ್ಷಣಾ ವೇಗ ತೆಗೆಯಿರಿ: 9.81 × ಆಳ × ಇಳಿಜಾರು ಇದರ ವರ್ಗಮೂಲ, ನಮ್ಮಲ್ಲಿ 0.414. ಅದನ್ನು ಈ ಅನುಪಾತದಿಂದ ಗುಣಿಸಿದರೆ ವೇಗ ಬರುತ್ತದೆ:

ಅನುಪಾತ = 16.25 × ಸಾಪೇಕ್ಷ ಆಳ ÷ √(42.25 + 6.25 × ಸಾಪೇಕ್ಷ ಆಳದ 5/3 ಘಾತ)

ಇಲ್ಲಿ 16.25 ಎಂದರೆ 6.5 × 2.5, ಉಳಿದೆರಡು ಸಂಖ್ಯೆಗಳು ಅವುಗಳ ವರ್ಗಗಳು. ನಮ್ಮ ತೊರೆಗೆ ಅನುಪಾತ 1.51, ವೇಗ 0.63. ಅಳೆದದ್ದು 0.60.

ಆಳವೇ ಗೊತ್ತಿಲ್ಲದೆ ಹರಿವಿನ ಪ್ರಮಾಣ ಮಾತ್ರ ಗೊತ್ತಿದ್ದರೆ ರಿಕೆನ್‌ಮನ್ ಮತ್ತು ರೆಕಿಂಗ್ 2011ರಲ್ಲಿ 2,890 ಕ್ಷೇತ್ರ ಅಳತೆಗಳನ್ನು ಒಟ್ಟುಗೂಡಿಸಿ ಕೊಟ್ಟ ರೂಪ ಇನ್ನೂ ಅನುಕೂಲ. ಒಂದು ಮೀಟರ್ ಅಗಲಕ್ಕೆ ಬರುವ ಹರಿವನ್ನು √(9.81 × ಇಳಿಜಾರು × ಡಿ84ರ ಘನ) ಇದರಿಂದ ಭಾಗಿಸಿ. ನಮ್ಮಲ್ಲಿ 0.15 ÷ 0.21, ಅಂದರೆ 0.72. ಇದನ್ನು ‘ಮಾನರಹಿತ ಹರಿವು’ ಎನ್ನೋಣ. ನಂತರ:

ಮಾನರಹಿತ ವೇಗ = 1.443 × (ಮಾನರಹಿತ ಹರಿವು)ರ 0.60 ಘಾತ × [1 + (ಮಾನರಹಿತ ಹರಿವು ÷ 43.78)ರ 0.8214 ಘಾತ]ರ −0.2435 ಘಾತ

ಬರುವುದು 1.17. ಅದನ್ನು √(9.81 × ಇಳಿಜಾರು × ಡಿ84), ಅಂದರೆ 0.524ರಿಂದ ಗುಣಿಸಿದರೆ ವೇಗ 0.61. ಒಂದು ಉದಾಹರಣೆ ಹೊಂದಿಕೆಯಾದ ಮಾತ್ರಕ್ಕೆ ಎಲ್ಲ ತೊರೆಯಲ್ಲೂ ಹೀಗೆಯೇ ಬರುತ್ತದೆ ಎಂದಲ್ಲ. ಒಂದೊಂದು ತೊರೆಯನ್ನು ಪ್ರತ್ಯೇಕವಾಗಿ ನೋಡಿದರೆ ಎರಡು ಪಟ್ಟಿನ ವ್ಯತ್ಯಾಸವೂ ಕಾಣಬಹುದು. ಬಿದ್ದ ಮರದ ದಿಮ್ಮಿಗಳು ಅಡ್ಡಲಾಗಿದ್ದರೆ ಕಲ್ಲಿನ ಗಾತ್ರವನ್ನಷ್ಟೇ ತಿಳಿದ ಯಾವ ಸೂತ್ರವೂ ನಿಜವಾದ ತಡೆಯನ್ನು ಹೇಳಲಾರದು.

ಹಂತ 8: ಪ್ರವಾಹಕ್ಕೆ ವಿಸ್ತರಿಸುವಾಗ

ಬೇಸಗೆಯಲ್ಲಿ ಅಳೆದ ಗುಣಾಂಕವನ್ನು ಹಾಗೆಯೇ ಪ್ರವಾಹದ ಲೆಕ್ಕಕ್ಕೆ ಹಾಕುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಷ್ಟು ಕಷ್ಟಪಟ್ಟು ಅಳೆದು, ಕೊನೆಯಲ್ಲಿ ಎಡವುವುದು ಇಲ್ಲಿ.

ನೀರು ಏರಿದಂತೆ ಬಂಡೆಗಳು ಮುಳುಗುತ್ತವೆ, ಮೆಟ್ಟಿಲುಗಳ ಮೇಲಿನಿಂದ ಬೀಳುತ್ತಿದ್ದ ನೀರು ಅವುಗಳ ಮೇಲೆ ಜಾರಿ ಹೋಗತೊಡಗುತ್ತದೆ, ತಡೆ ಕುಸಿಯುತ್ತದೆ. ತೆಳುವಾದ ಹರಿವಿನಲ್ಲಿ ವೇಗವು ಹರಿವಿನ 0.6 ಘಾತದಂತೆ, ಆಳವು 0.4 ಘಾತದಂತೆ ಏರುತ್ತದೆ. ಆಳವಾದ ಹರಿವಿನಲ್ಲಿ ಇವೆರಡು ಸ್ಥಾನ ಬದಲಿಸಿಕೊಳ್ಳುತ್ತವೆ.

ನಮ್ಮ ತೊರೆಯಲ್ಲಿ ಹರಿವು ಹತ್ತು ಪಟ್ಟಾಯಿತು, ಅಗಲ ಅಷ್ಟೇ ಉಳಿಯಿತು ಎಂದುಕೊಳ್ಳಿ. ರಿಕೆನ್‌ಮನ್–ರೆಕಿಂಗ್ ಸೂತ್ರದಂತೆ ವೇಗ 2.34, ಆಳ 0.64 ಮೀಟರ್, ಮ್ಯಾನಿಂಗ್ ಗುಣಾಂಕ 0.084. ಅಳೆದ 0.175ರ ಅರ್ಧಕ್ಕೂ ಕಡಿಮೆ. ಬೇಸಗೆಯ ಗುಣಾಂಕವನ್ನೇ ಹಿಡಿದಿದ್ದರೆ ಆಳ 1 ಮೀಟರ್ ಬರುತ್ತಿತ್ತು, ವೇಗ 1.5. ಸ್ಟ್ರಿಕ್ಲರ್ ಸಂಖ್ಯೆ ಹಿಡಿದಿದ್ದರೆ ಆಳ 0.38, ವೇಗ 4. ಒಂದೇ ಪ್ರವಾಹಕ್ಕೆ ಮೂರು ಉತ್ತರ. ಸೇತುವೆಯ ತಳವನ್ನು ಯಾವ ಎತ್ತರದಲ್ಲಿ ಇಡುತ್ತೀರಿ?

ಪರೀಕ್ಷೆಗೆ ಒಂದು ಸುಲಭ ದಾರಿ ಫ್ರೌಡ್ ಸಂಖ್ಯೆ: ವೇಗವನ್ನು √(9.81 × ಆಳ) ಇದರಿಂದ ಭಾಗಿಸಿದ್ದು. ಬೆಟ್ಟದ ತೊರೆಯ ಉದ್ದನೆಯ ಭಾಗದ ಸರಾಸರಿಯಲ್ಲಿ ಇದು 1ನ್ನು ಬಹಳ ಮೀರುವುದು ಅಪರೂಪ. ಹತ್ತು ಪಟ್ಟು ಹರಿವಿನ ಮೊದಲ ಲೆಕ್ಕದಲ್ಲಿ 0.94, ಸ್ಟ್ರಿಕ್ಲರ್ ಲೆಕ್ಕದಲ್ಲಿ 2ಕ್ಕಿಂತ ಹೆಚ್ಚು. ಹೀಗೆ 2 ಕಂಡರೆ ಕಡಿಮೆ ತಡೆ ಹಿಡಿದಿದ್ದೀರಿ ಎಂದೇ ಅರ್ಥ.

ಸಾಧ್ಯವಾದರೆ ಭಾಗದ ಎರಡು ತುದಿಗಳಿಗೆ ಗುರುತಿಗಾಗಿ ಗೂಟ ನೆಟ್ಟು, ಅದೇ ಗೂಟಗಳ ನಡುವೆ ಮೂರು ನಾಲ್ಕು ಬೇರೆ ಬೇರೆ ಹರಿವಿನಲ್ಲಿ ಉಪ್ಪಿನ ಪ್ರಯೋಗ ಮಾಡಿ, ಹರಿವಿಗೆ ಎದುರಾಗಿ ವೇಗವನ್ನು ಲಾಗ್ ಕಾಗದದ ಮೇಲೆ ಗುರುತಿಸಿ. ಆ ಗೆರೆಯ ಓರೆ 0.6ರ ಹತ್ತಿರವಿದ್ದರೆ ನೀವಿನ್ನೂ ತೆಳು ಹರಿವಿನಲ್ಲಿದ್ದೀರಿ.

ತಳದ ಕಲ್ಲುಗಳು ಚಲಿಸುವ ಲೆಕ್ಕಕ್ಕೆ ಹೋಗುವವರಿಗೆ

ತಳದಲ್ಲಿ ಉರುಳುವ ಜಲ್ಲಿಯ ಪ್ರಮಾಣ ಬೇಕಿದ್ದವರು ಇಡೀ ಇಳಿಜಾರಿನಿಂದ ಬಂದ ಬಲವನ್ನು ಜಲ್ಲಿಯ ಸೂತ್ರಕ್ಕೆ ನೇರವಾಗಿ ಹಾಕಬಾರದು. ಆ ಬಲದ ದೊಡ್ಡ ಪಾಲು ಬಂಡೆಗಳು ಮತ್ತು ಮೆಟ್ಟಿಲುಗಳ ಮೇಲೆ ಖರ್ಚಾಗಿದೆ, ಸಣ್ಣ ಕಲ್ಲುಗಳಿಗೆ ತಲುಪುವುದು ಉಳಿದದ್ದು ಮಾತ್ರ. ಕಣಗಳಷ್ಟೇ ಇದ್ದಿದ್ದರೆ ಎಷ್ಟು ತಡೆ ಇರುತ್ತಿತ್ತು ಎಂದು ಲೆಕ್ಕ ಹಾಕಿ, ಒಟ್ಟು ತಡೆಯೊಡನೆ ಹೋಲಿಸಿ, ಆ ಅನುಪಾತದಿಂದ ಇಳಿಜಾರನ್ನು ಕುಗ್ಗಿಸಿ ಬಳಸಬೇಕು. ಇದನ್ನು ಬಿಟ್ಟವರ ಲೆಕ್ಕದಲ್ಲಿ ಜಲ್ಲಿ ಹತ್ತು ಪಟ್ಟು, ನೂರು ಪಟ್ಟು ಹೆಚ್ಚು ಬರುವುದುಂಟು.

ದೊಡ್ಡ ಪ್ರವಾಹ ಬಂದು ಹೋದ ಮೇಲೆ ಹಳೆಯ ಗುಣಾಂಕವನ್ನು ನಂಬಬೇಡಿ. ಮೆಟ್ಟಿಲುಗಳು ಒಡೆದು, ಬಂಡೆಗಳು ಜಾಗ ಬದಲಿಸಿ, ಮಡುಗಳು ಜಲ್ಲಿಯಿಂದ ತುಂಬಿಹೋಗಿದ್ದರೆ ತೊರೆ ಮೊದಲಿಗಿಂತ ಸಲೀಸಾಗಿ ಹರಿಯುತ್ತದೆ. ಗೂಟಗಳು ಉಳಿದಿದ್ದರೆ ಅಲ್ಲಿಂದಲೇ ಆರಂಭಿಸಿ, ಇಳಿಜಾರನ್ನೂ ಕಲ್ಲುಗಳನ್ನೂ ಮತ್ತೆ ಅಳೆದು, ಉಪ್ಪಿನ ಬಕೆಟ್ಟನ್ನು ಮತ್ತೊಮ್ಮೆ ಸುರಿಯಿರಿ.